ಕೋಳಿ ಮಾರಿ ಕಟ್ಟಿದ ಶಾಲೆಗಳು

ಮಾನ್ಯ ಸಂಪಾದಕರೇ,

ಅಮೆರಿಕದ ರೋಸನ್‌ವಾಲ್ಡ್ ಶಾಲೆಗಳ ಬಗ್ಗೆ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಕರೆಂಟಿಲ್ಲದ ಹಳ್ಳಿಗಳಲ್ಲಿ ಪೂರ್ವ, ಪಶ್ಚಿಮಕ್ಕೆ ಸಾಲು ಕಿಟಕಿ ಇಟ್ಟು ಬೆಳಕು ತಂದ ವಿವರ ಸೊಗಸಾಗಿತ್ತು. ಆದರೆ ಕಪ್ಪು ಜನರ ಮಕ್ಕಳಿಗೆಂದು ಎದ್ದ ಸುಮಾರು ಐದು ಸಾವಿರ ಶಾಲೆಗಳ ಪುಣ್ಯವನ್ನೆಲ್ಲ ಲೇಖಕರು ಸಿಯರ್ಸ್ ಎಂಬ ವ್ಯಾಪಾರ ಕಂಪನಿಯ ಮುಖ್ಯಸ್ಥ ಜೂಲಿಯಸ್ ರೋಸನ್‌ವಾಲ್ಡ್ ಖಾತೆಗೇ ಬರೆದುಬಿಟ್ಟಿದ್ದಾರೆ. ಅವರೊಡನೆ ಈ ಯೋಜನೆ ರೂಪಿಸಿದ, ಟಸ್ಕೆಗಿ ವಿದ್ಯಾಸಂಸ್ಥೆಯ ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಅವರಿಗೆ ಒಂದು ಸಾಲು ಸಿಕ್ಕಿದೆ. ಊರಿನವರಿಗೆ ಅದೂ ಇಲ್ಲ.

ರೋಸನ್‌ವಾಲ್ಡ್ ದೊಡ್ಡ ಮನಸ್ಸಿನವರೇ. ಆದರೆ ಊರಿನವರು ತಮ್ಮ ಪಾಲು ಕೂಡಿಸಿದರೆ ಮಾತ್ರ ಅವರ ಪಾಲು ಬರುತ್ತಿತ್ತು. 1932ರಲ್ಲಿ ಯೋಜನೆ ಮುಗಿಯುವ ಹೊತ್ತಿಗೆ ಅವರ ನಿಧಿ ಕೊಟ್ಟದ್ದು ಸುಮಾರು 43 ಲಕ್ಷ ಡಾಲರ್, ಕಪ್ಪು ಜನ ಕೂಡಿಸಿದ್ದು ಸುಮಾರು 47 ಲಕ್ಷ! ಗೇಣಿ ಹೊಲದಲ್ಲಿ ದುಡಿಯುವವರೇ ಅವರಲ್ಲಿ ಬಹಳ. ಕೋಳಿ ಮಾರಿದರು, ಹೊಲದ ಒಂದು ಮೂಲೆಯ ಹತ್ತಿಯನ್ನು ಶಾಲೆಗೆಂದು ಮೀಸಲಿಟ್ಟರು, ಮರ ಕಡಿದು ತಂದರು. ತೆರಿಗೆಯನ್ನೂ ಕಟ್ಟಿದರು, ಆ ಹಣ ಹೆಚ್ಚಾಗಿ ಬಿಳಿಯರ ಶಾಲೆಗಳಿಗೇ ಹೋಗುತ್ತಿತ್ತು.

ನನಗೆ ಇದು ಏಕೆ ಚುಚ್ಚಿತು ಎಂದರೆ, ಬೆಂಗಳೂರಿನ ಒಂದು ಸರ್ಕಾರಿ ಕನ್ನಡ ಶಾಲೆಯಲ್ಲಿ ನಾನು 26 ವರ್ಷ ಪಾಠ ಹೇಳಿದೆ. ಅದರ ಬಾಗಿಲ ಪಕ್ಕ ದಾನಿಗಳ ಹೆಸರು ಕೆತ್ತಿದ ಕಲ್ಲೊಂದಿತ್ತು. ಬಾಗಿಲುವಾಡ ಕೊಟ್ಟವರು, ಎರಡು ಗಾಡಿ ಸುಣ್ಣ ಕೊಟ್ಟವರು. ಕೊನೆಯ ಸಾಲಿನಲ್ಲಿ 'ಹೂ ಮಾರುವ ಮುದುಕಿ, ಎಂಟಾಣೆ'. ಹೆಸರೂ ಇಲ್ಲ. ಎಂಟಾಣೆ ಎಂದರೆ ಮಕ್ಕಳು ನಗುತ್ತಿದ್ದರು. ಆಗ ಎಂಟಾಣೆಗೆ ಎಷ್ಟು ಮೊಳ ಹೂ ಬರುತ್ತಿತ್ತು, ಅಷ್ಟನ್ನು ಮಾರಲು ಆಕೆ ಎಷ್ಟು ಬೀದಿ ಸುತ್ತಿರಬಹುದು ಎಂದು ನಾನು ಲೆಕ್ಕ ಕೊಡುತ್ತಿದ್ದೆ.

ಕಳೆದ ತಿಂಗಳು ಆ ಕಡೆ ಹೋದಾಗ ಬಾಗಿಲ ಪಕ್ಕ ಹೊಳೆಯುವ ಗ್ರಾನೈಟ್ ಕಂಡಿತು. ಯಾರ ಅನುದಾನ, ಯಾರ ಅಮೃತಹಸ್ತ, ಯಾರ ಗೌರವ ಉಪಸ್ಥಿತಿ, ಎಲ್ಲವೂ ಚಿನ್ನದ ಬಣ್ಣದಲ್ಲಿ. ಹಳೆಯ ಕಲ್ಲು ನೀರಿನ ತೊಟ್ಟಿಯ ಹಿಂದೆ ಚರಂಡಿಗೆ ಮುಚ್ಚಳವಾಗಿದೆ. ಮುರಿದ ಮೂಲೆಯಿಂದ ಗುರುತು ಹಿಡಿದೆ. ಅಂಚಿನ ಕೆಳಗೆ ಬೆರಳು ತೂರಿಸಿ ಸವರಿದರೆ ಅಕ್ಷರಗಳು ಸಿಗುತ್ತವೆ. ವಿಚಾರಿಸಿದರೆ, "ಹಳೆಯ ಕಲ್ಲು ಮೇಡಂ, ಗಟ್ಟಿಯಾಗಿದೆ" ಎಂಬ ಉತ್ತರ.

ಎತ್ತಲು ಇಬ್ಬರು ಆಳು, ಒಂದು ಹಾರೆ ಸಾಕು. ಕೂಲಿಯನ್ನೂ ಚರಂಡಿಗೆ ಬೇರೆ ಚಪ್ಪಡಿಯನ್ನೂ ನಾನೇ ಕೊಡುತ್ತೇನೆಂದು ಎರಡು ಅರ್ಜಿ ಬರೆದಿದ್ದೇನೆ. ಇದನ್ನು ಮೂರನೆಯದೆಂದು ಭಾವಿಸಬೇಕು.

– ನಿವೃತ್ತ ಶಿಕ್ಷಕಿ, ಹನುಮಂತನಗರ, ಬೆಂಗಳೂರು