ಸಹಿ ಯಾರದು ಎಂದು ಮೊದಲು ನೋಡು

ಪ್ರಿಯ ತಂಗಿ,

ಇಟಲಿಯ ಕಂಪನಿ ಕಾಗದಗಳಿಗೆ ನೀನು ಮಾಡಿ ಕಳಿಸಿದ ಇಂಗ್ಲಿಷ್ ಅನುವಾದ ಓದಿದೆ. ಇಟಾಲಿಯನ್ ನಿನಗೆ ಚೆನ್ನಾಗಿ ಒಲಿದಿದೆ, ವಾಕ್ಯಗಳಲ್ಲಿ ತಿದ್ದುವುದಕ್ಕೆ ಹೆಚ್ಚೇನೂ ಸಿಗಲಿಲ್ಲ. ಕೆಂಪು ಗೆರೆ ಬಿದ್ದದ್ದೆಲ್ಲ ಹುದ್ದೆಗಳ ಹೆಸರಿಗೆ. ಕಂಪನಿ ಕಾಗದಪತ್ರಗಳಲ್ಲಿ ಒಳ್ಳೊಳ್ಳೆಯವರೂ ಎಡವುವುದು ಅಲ್ಲೇ. ಆ ಪದಗಳು ನೋಡುವುದಕ್ಕೆ ಇಂಗ್ಲಿಷಿನಂತೆಯೇ ಇರುವುದರಿಂದ ನಿಘಂಟು ತೆಗೆಯಬೇಕೆಂದೇ ಅನಿಸುವುದಿಲ್ಲ.

'ದಿರೆತ್ತೋರೆ' ಎಂದಿದ್ದ ಕಡೆಯೆಲ್ಲ ನೀನು ಡೈರೆಕ್ಟರ್ ಎಂದು ಬರೆದಿದ್ದೀಯ. ಇಂಗ್ಲಿಷ್ ಕಾನೂನಿನಲ್ಲಿ, ಅದರ ಜಾಡಿನಲ್ಲೇ ಬಂದ ನಮ್ಮ ಕಂಪನಿ ಕಾಯ್ದೆಯಲ್ಲೂ, ಡೈರೆಕ್ಟರ್ ಎಂದರೆ ಕಂಪನಿಯ ಆಡಳಿತ ಮಂಡಳಿಯಲ್ಲಿ, ಅಂದರೆ ಬೋರ್ಡಿನಲ್ಲಿ, ಕೂರುವವರು. ಇಟಲಿಯಲ್ಲಿ ಬೋರ್ಡಿನಲ್ಲಿ ಕೂರುವವರ ಹೆಸರು 'ಅಮ್ಮಿನಿಸ್ತ್ರಾತೋರೆ'. ದಿರೆತ್ತೋರೆ ಸಾಮಾನ್ಯವಾಗಿ ಸಂಬಳಕ್ಕೆ ದುಡಿಯುವ ಹಿರಿಯ ಅಧಿಕಾರಿ. 'ದಿರೆತ್ತೋರೆ ಜೆನೆರಾಲೆ'ಯನ್ನು ಜನರಲ್ ಮ್ಯಾನೇಜರ್ ಎಂದರೆ ಸರಿಹೋಗುತ್ತದೆ. ಇನ್ನು ಅಮ್ಮಿನಿಸ್ತ್ರಾತೋರೆಯನ್ನು ಅಡ್ಮಿನಿಸ್ಟ್ರೇಟರ್ ಮಾಡಿಬಿಟ್ಟರೆ ಅನಾಹುತ ಇನ್ನೂ ದೊಡ್ಡದು. ಬ್ರಿಟನ್ನಿನಲ್ಲಿ ಸಾಲ ತೀರಿಸಲಾಗದೆ ಕುಸಿದ ಕಂಪನಿಯನ್ನು ನೋಡಿಕೊಳ್ಳಲು ನೇಮಕವಾಗುವವರಿಗೆ ಆ ಹೆಸರಿದೆ. ಲಾಭದಲ್ಲಿರುವ ಕಂಪನಿಯ ಬಗ್ಗೆ ಲಂಡನ್ನಿನ ವಕೀಲರೊಬ್ಬರು ಗಾಬರಿ ಬೀಳಲು ಅಷ್ಟು ಸಾಕು.

ಈಗ ನೀನು ವಿಶೇಷವಾಗಿ ಕೇಳಿದ 'ಅಮ್ಮಿನಿಸ್ತ್ರಾತೋರೆ ದೆಲೆಗಾತೊ' ವಿಷಯ. ಇಟಲಿಯ ಕಂಪನಿಗಳ ಇಂಗ್ಲಿಷ್ ವರದಿಗಳಲ್ಲಿ ಸಾಮಾನ್ಯವಾಗಿ ಸಿಇಒ ಎಂದಿರುತ್ತದೆ, ಹೂಡಿಕೆದಾರರಿಗೆ ಅದು ಸಾಕು. ಆದರೆ ಒಪ್ಪಂದವನ್ನೋ ಕೋರ್ಟಿನ ಕಾಗದವನ್ನೋ ಅನುವಾದಿಸುವಾಗ 1942ರ ಇಟಾಲಿಯನ್ ಸಿವಿಲ್ ಕೋಡಿನ 2381ನೇ ವಿಧಿ ಓದಿಕೊಂಡೇ ಕೂರು. ಬೋರ್ಡು ತನ್ನ ಅಧಿಕಾರದಲ್ಲಿ ಒಂದಷ್ಟನ್ನು ತನ್ನ ಸದಸ್ಯರೊಬ್ಬರಿಗೆ ವಹಿಸಿಕೊಡುತ್ತದೆ. ಅದಕ್ಕೆ ಮಿತಿ ಹಾಕಬಹುದು, ಸೂಚನೆ ಕೊಡಬಹುದು, ಬೇಕೆಂದಾಗ ವಾಪಸ್ಸೂ ಪಡೆಯಬಹುದು. ವಾರ್ಷಿಕ ಲೆಕ್ಕಪತ್ರ ಸಿದ್ಧಪಡಿಸುವಂಥ ಕೆಲವು ಹೊಣೆಗಳನ್ನು ಮಾತ್ರ ವಹಿಸಿಕೊಡುವ ಹಾಗೇ ಇಲ್ಲ. ನಮ್ಮ 2013ರ ಕಂಪನಿ ಕಾಯ್ದೆಯಲ್ಲಿ ಸಿಇಒ ಆಗಲು ಬೋರ್ಡಿನ ಸದಸ್ಯನಾಗಿರಲೇಬೇಕೆಂದಿಲ್ಲ, ಮ್ಯಾನೇಜಿಂಗ್ ಡೈರೆಕ್ಟರ್ ಮಾತ್ರ ಡೈರೆಕ್ಟರೇ ಆಗಿರಬೇಕು. ಹಾಗಾಗಿ ಬೆಂಗಳೂರಿನ ವಕೀಲರ ಮೇಜಿಗೆ ಹೋಗುವ ಕಾಗದದಲ್ಲಿ ನಾನಾದರೆ ಮ್ಯಾನೇಜಿಂಗ್ ಡೈರೆಕ್ಟರ್ ಎಂದೇ ಬರೆಯುತ್ತೇನೆ.

ಆದರೂ ಹೆಸರೊಂದನ್ನೇ ನಂಬಬೇಡ. ಇಟಲಿಯ ಪ್ರತಿ ಕಂಪನಿಗೂ ವಾಣಿಜ್ಯ ಮಂಡಳಿಯ ದಾಖಲೆಯಿಂದ ತೆಗೆದ 'ವಿಸೂರಾ ಕಮೆರಾಲೆ' ಎಂಬ ಪತ್ರ ಇರುತ್ತದೆ. ಅದರಲ್ಲಿ ಹುದ್ದೆಯ ಹೆಸರಿನ ಕೆಳಗೆ 'ಪೋತೆರಿ', ಅಂದರೆ ಅಧಿಕಾರಗಳು, ಎಂಬ ಭಾಗ ಹುಡುಕು. ಜನ ದಾಟಿ ಹೋಗುವ, ಒತ್ತೊತ್ತಾಗಿ ಮುದ್ರಿಸಿದ ಸಾಲುಗಳು ಅವು. ಇಂತಿಷ್ಟು ಯೂರೋವರೆಗೆ 'ಫಿರ್ಮಾ ದಿಸ್‌ಜುಂತಾ', ಒಬ್ಬರೇ ಸಹಿ ಹಾಕಬಹುದು. ಅದರಾಚೆಗೆ 'ಫಿರ್ಮಾ ಕೊಂಜುಂತಾ', ಇನ್ನೊಬ್ಬರ ಸಹಿಯೂ ಬೇಕು. ಬ್ಯಾಂಕ್ ಖಾತೆ ತೆರೆಯುವ, ನೌಕರರನ್ನು ತೆಗೆದುಹಾಕುವ, ಕೋರ್ಟಿನಲ್ಲಿ ಕಂಪನಿಯ ಪರ ನಿಲ್ಲುವ ಅಧಿಕಾರ ಯಾರಿಗಿದೆ ಎಂಬುದೂ ಅಲ್ಲೇ ಸಿಗುತ್ತದೆ. ಇವರನ್ನು ನೇಮಿಸಿದವರು ಯಾರು, ತೆಗೆಯಬಲ್ಲವರು ಯಾರು, ಇವರ ಸಹಿ ಎಲ್ಲಿಯವರೆಗೆ ನಡೆಯುತ್ತದೆ, ಇಷ್ಟು ತಿಳಿದರೆ ಇಂಗ್ಲಿಷ್ ಪದ ತಾನಾಗಿ ಬರುತ್ತದೆ. ತಿಳಿಯದೆ ಹಾಕಿದ ಪದ ಎಷ್ಟು ಚಂದವಿದ್ದರೂ ಊಹೆಯೇ.

'ಸಿಂದಕೊ' ನನಗೆ ತುಂಬ ಇಷ್ಟದ ಪದ. ಊರಿನ ಮಟ್ಟಿಗೆ ಮೇಯರ್. ಕಂಪನಿಯಲ್ಲಾದರೆ 'ಕೊಲ್ಲೇಜೊ ಸಿಂದಕಾಲೆ' ಎಂಬ ಮಂಡಳಿಯ ಸದಸ್ಯ. ಆ ಮಂಡಳಿಯಲ್ಲಿ ಮೂವರು ಅಥವಾ ಐವರು, ಜೊತೆಗೆ ಇಬ್ಬರು ಬದಲಿ ಸದಸ್ಯರು. ನೀನು ಬರೀ ಆಡಿಟರ್ ಎಂದು ಬರೆದಿದ್ದೀಯ, ಅಷ್ಟು ಸಾಲದು. ಕಂಪನಿ ಕಾನೂನಿಗೂ ತನ್ನ ನಿಯಮಾವಳಿಗೂ ತಕ್ಕಂತೆ ನಡೆಯುತ್ತಿದೆಯೇ, ಒಳಗಿನ ವ್ಯವಸ್ಥೆ ಗಟ್ಟಿಯಿದೆಯೇ ಎಂದು ಕಾಯುವುದು ಇವರ ಮುಖ್ಯ ಕೆಲಸ. ಬೋರ್ಡಿನ ಸಭೆಗಳಲ್ಲಿ ಇವರು ಹಾಜರಿರಬೇಕು. ಲೆಕ್ಕ ತಪಾಸಣೆಗೆ ಸಾಮಾನ್ಯವಾಗಿ ಬೇರೆ ಆಡಿಟರೋ ಆಡಿಟ್ ಸಂಸ್ಥೆಯೋ ಇರುತ್ತದೆ. ಶೇರುದಾರರು ನೇಮಿಸಿದ ಸಿಂದಕೊನನ್ನು ಅವಧಿಗೆ ಮುಂಚೆ ತೆಗೆಯಬೇಕಾದರೆ ಸರಿಯಾದ ಕಾರಣವೂ ಬೇಕು, ಕೋರ್ಟಿನ ಒಪ್ಪಿಗೆಯೂ ಬೇಕು. ಇಂಥ ಕಾವಲು ಮಂಡಳಿ ಇಂಗ್ಲಿಷ್ ಪದ್ಧತಿಯ ಕಂಪನಿಗಳಲ್ಲಿ ಇಲ್ಲ. ಸ್ಟ್ಯಾಚುಟರಿ ಆಡಿಟರ್ ಎಂಬುದು ಬಳಕೆಗೆ ಬಂದಿರುವ ಪದ. ನಾನೂ ಅದನ್ನೇ ಹಾಕುತ್ತೇನೆ. ಆದರೆ ಮೊದಲ ಸಲ ಬಂದಾಗ ಪಕ್ಕದಲ್ಲಿ ಮೂಲ ಪದವನ್ನೂ, ಅಡಿಯಲ್ಲಿ ಎರಡು ಸಾಲಿನ ಟಿಪ್ಪಣಿಯನ್ನೂ ಇಡದೆ ಬಿಡುವುದಿಲ್ಲ. ಇಲ್ಲದಿದ್ದರೆ ಭಾರತದ ಓದುಗರು ಇವರನ್ನು ನಮ್ಮ ಚಾರ್ಟರ್ಡ್ ಅಕೌಂಟೆಂಟ್ ಎಂದೇ ತಿಳಿಯುತ್ತಾರೆ.

ಊರಿನ ಸಿಂದಕೊನಿಗೂ ಗಮನ ಬೇಕು. 1993ರ ಕಾನೂನಿನಿಂದ ಅವರನ್ನು ಜನರೇ ನೇರವಾಗಿ ಆರಿಸುತ್ತಾರೆ, ನಗರದ ಆಡಳಿತ ಅವರ ಕೈಯಲ್ಲೇ ಇರುತ್ತದೆ. ಮೈಸೂರಿನಂಥ ಪಾಲಿಕೆಯ ಮೇಯರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಆ ಅಧಿಕಾರ ಅಂದಾಜಿಗೇ ಸಿಗದು, ಇಲ್ಲಿ ಆಡಳಿತದ ಚುಕ್ಕಾಣಿ ಕಮಿಷನರ್ ಬಳಿ ಇರುತ್ತದಲ್ಲ. ಸಿಂದಕೊನ ಜೊತೆ ಕೆಲಸ ಮಾಡುವ 'ಅಸ್ಸೆಸ್ಸೋರೆ'ಯನ್ನು ಅಸೆಸರ್ ಎಂದು ಬರೆಯಬೇಡ. ಅವರು ತೆರಿಗೆ ಅಂದಾಜು ಮಾಡುವವರಲ್ಲ, ಸಾರಿಗೆಯನ್ನೋ ಸಂಸ್ಕೃತಿಯನ್ನೋ ನೋಡಿಕೊಳ್ಳುವ, ನಗರದ ಮಟ್ಟದ ಮಂತ್ರಿಯಂಥವರು.

'ರೆಸ್ಪೊನ್ಸಾಬಿಲೆ' ಇನ್ನೊಂದು ಗುಂಡಿ. ಕಚೇರಿಯಲ್ಲಿ ಅದು ವಿಭಾಗದ ಮುಖ್ಯಸ್ಥ ಅಥವಾ ಮ್ಯಾನೇಜರ್. ಯುರೋಪಿನ ದತ್ತಾಂಶ ಸಂರಕ್ಷಣಾ ನಿಯಮದ ಇಟಾಲಿಯನ್ ಪಠ್ಯದಲ್ಲಿ ಮಾತ್ರ 'ತಿತೊಲಾರೆ ದೆಲ್ ತ್ರತ್ತಮೆಂತೊ' ಎಂದರೆ ಕಂಟ್ರೋಲರ್, ಅಂದರೆ ದತ್ತಾಂಶವನ್ನು ಏಕೆ, ಹೇಗೆ ಬಳಸಬೇಕೆಂದು ನಿರ್ಧರಿಸುವವರು; 'ರೆಸ್ಪೊನ್ಸಾಬಿಲೆ ದೆಲ್ ತ್ರತ್ತಮೆಂತೊ' ಎಂದರೆ ಪ್ರೊಸೆಸರ್, ಅಂದರೆ ಕಂಟ್ರೋಲರ್ ಹೇಳಿದಂತೆ ಕೆಲಸ ಮಾಡುವವರು. ನೀನು ಅವರನ್ನೇ ಹೆಡ್ ಎಂದು ಬರೆದದ್ದರಿಂದ ಕಾನೂನಿನ ಹೊಣೆ ಒಬ್ಬರಿಂದ ಇನ್ನೊಬ್ಬರ ತಲೆಗೆ ಹೋಗಿದೆ. ಇದನ್ನು ಇವತ್ತೇ ಸರಿಪಡಿಸು. ಇಂಥ ಕಡೆ ಹೊಸದಾಗಿ ಯೋಚಿಸುವುದೂ ಬೇಡ, ಆ ನಿಯಮದ ಇಂಗ್ಲಿಷ್ ಪಠ್ಯವೂ ಅಧಿಕೃತವೇ. ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೋ.

ಒಪ್ಪಂದದ ಕೊನೆಯಲ್ಲಿ ಸಹಿ ಹಾಕಿರುವ 'ಪ್ರೊಕುರಾತೋರೆ'ಯನ್ನು ಪ್ರಾಸಿಕ್ಯೂಟರ್ ಎಂದಿದ್ದೀಯ. ಕೋರ್ಟಿನ ಸುದ್ದಿಯಲ್ಲಾದರೆ ಅದು ಸರಿ, ಇಲ್ಲಿ ಅವರು ಕಂಪನಿಯಿಂದ ಪವರ್ ಆಫ್ ಅಟಾರ್ನಿ ಪಡೆದವರು. ಅವರ ಅಧಿಕಾರದ ಮಿತಿ ನೀನು ಕಳಿಸಿದ ಹಾಳೆಗಳಲ್ಲಿ ಎಲ್ಲೂ ಕಾಣಲಿಲ್ಲ. ಕೆಲಸ ಕೊಟ್ಟವರಿಂದ ವಿಸೂರಾದ ಪೂರ್ತಿ ಪ್ರತಿ ಕೇಳಿ ತರಿಸು, ಅದು ಕೈಗೆ ಬರುವ ತನಕ ಈ ಕರಡನ್ನು ಅವರಿಗೆ ಒಪ್ಪಿಸಬೇಡ.

ಇಂತಿ,
ನಿನ್ನ ಅಣ್ಣ