ಎಂಟನೇ ಆರೋಪಿಯ ಪರವಾಗಿ ನಿಂತ ಎಲ್ಲರಿಗೆ

ಕಳೆದ ವಾರ ಶಿರಸಿಯ ಸೆಷನ್ಸ್ ನ್ಯಾಯಾಲಯದಲ್ಲಿ ನನ್ನ ಕಕ್ಷಿದಾರ ಖುಲಾಸೆಯಾದ. ಗುಂಪು ಹಲ್ಲೆ ಮತ್ತು ಕೊಲೆ ಯತ್ನದ ಪ್ರಕರಣದಲ್ಲಿ ಅವನು ಎಂಟನೇ ಆರೋಪಿ. ವಕೀಲರ ಶುಲ್ಕ ಕೊಡುವ ಶಕ್ತಿ ಆ ಮನೆಗೆ ಇರಲಿಲ್ಲ. ಕಾನೂನು ನೆರವಿನ ಮೂಲಕ ಕಡತ ನನ್ನ ಕೈಗೆ ಬಂತು. ಈಗ ಬರುತ್ತಿರುವ ಅಭಿನಂದನೆಗಳು ನನಗೊಬ್ಬಳಿಗೆ ಸೇರಬೇಕಾದವಲ್ಲ. ಅದಕ್ಕೇ ಈ ಬರಹ.

ಮೊದಲ ವಂದನೆ ಧಾರವಾಡದಿಂದ ಬಂದು ನಮಗೆ ತರಬೇತಿ ಕೊಟ್ಟ ಹಿರಿಯ ವಕೀಲರಿಗೆ. ಒಂದು ರೂಪಾಯಿಯನ್ನೂ ಪಡೆಯದೆ, ಘಟ್ಟದ ಮಳೆಯಲ್ಲೂ ಬಂದರು. ಗುಂಪು ಪ್ರಕರಣದ ಕಡತ ತೆರೆದ ಕೂಡಲೇ ಪ್ರತಿಯೊಬ್ಬ ಆರೋಪಿಗೂ ಒಂದೊಂದು ಹಾಳೆ ಮಾಡಿ ಎಂದರು. ಪ್ರಥಮ ವರ್ತಮಾನ ವರದಿಯಲ್ಲಿ ಇವನ ಹೆಸರಿದೆಯೇ? ಯಾವ ಸಾಕ್ಷಿ ಇವನನ್ನು ಎಲ್ಲಿ ಕಂಡ? ಕೈಯಲ್ಲಿ ಏನಿತ್ತು? ಸಾಲಿನಲ್ಲಿ ನಿಲ್ಲಿಸಿದವರ ನಡುವೆ ಸಾಕ್ಷಿ ಆರೋಪಿಯನ್ನು ಗುರುತಿಸುವ ಗುರುತು ಪತ್ತೆ ಕವಾಯತು ನಡೆಯಿತೇ, ಎಷ್ಟು ತಡವಾಗಿ? ಸುಪ್ರೀಂ ಕೋರ್ಟಿನ 1964ರ ಮಸಾಲ್ತಿ ತೀರ್ಪನ್ನು ಸಾಲುಸಾಲಾಗಿ ಓದಿಸಿದರು. ಆರೋಪಿಗಳೂ ಸಾಕ್ಷಿಗಳೂ ಬಹಳವಿದ್ದಾಗ ಒಬ್ಬನ ವಿರುದ್ಧ ಕನಿಷ್ಠ ಇಬ್ಬರು ಮೂವರಾದರೂ ಹೊಂದಿಕೆಯಾಗುವಂತೆ ನುಡಿಯಬೇಕೆಂಬ ಅಳತೆಯನ್ನು ಅದು ಒಪ್ಪಿದೆ. ಆದರೆ ಅಕ್ರಮ ಕೂಟದ ಸದಸ್ಯನೆಂದು ಸಾಬೀತಾದರೆ, ಅವನು ಸ್ವತಃ ಕೈ ಎತ್ತಲಿಲ್ಲ ಎಂಬುದಷ್ಟೇ ರಕ್ಷಣೆಯಾಗದು ಎಂದೂ ಅದೇ ತೀರ್ಪು ಹೇಳುತ್ತದೆ. ಈ ಎರಡನ್ನೂ ಒಟ್ಟಿಗೆ ಕಲಿಸಿದ್ದಕ್ಕೆ ನಾನು ಅವರಿಗೆ ಸದಾ ಋಣಿ. ನನ್ನ ಕಕ್ಷಿದಾರನ ಹಾಳೆಯಲ್ಲಿ ಉಳಿದದ್ದು ಒಬ್ಬನೇ ಸಾಕ್ಷಿ. ಅವನೂ ಪಾಟಿ ಸವಾಲಿನಲ್ಲಿ ಮುಖ ಸರಿಯಾಗಿ ಕಾಣಲಿಲ್ಲ ಎಂದ.

ಘಟನೆ 2024ರ ಜುಲೈ 1ಕ್ಕಿಂತ ಹಿಂದಿನದು, ಹಾಗಾಗಿ ಅಕ್ರಮ ಕೂಟದ ಸದಸ್ಯರೆಲ್ಲರನ್ನೂ ಹೊಣೆ ಮಾಡುವ ಹಳೆಯ ದಂಡ ಸಂಹಿತೆಯ 149ನೇ ಕಲಮೇ ಅನ್ವಯಿಸಿತು. ಮುಂದಿನ ಪ್ರಕರಣಗಳಲ್ಲಿ ಸಂಘಟಿತ ಅಪರಾಧದ ಆರೋಪಕ್ಕೆ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಮೂ ಇದೆ. ಸಂಘಟಿತ ಅಪರಾಧ ಎನ್ನಬೇಕಾದರೆ ಹಿಂದಿನ ಹತ್ತು ವರ್ಷಗಳಲ್ಲಿ ಒಂದಕ್ಕಿಂತ ಹೆಚ್ಚು ದೋಷಾರೋಪ ಪಟ್ಟಿ ಸಲ್ಲಿಕೆಯಾಗಿ, ನ್ಯಾಯಾಲಯ ಅವನ್ನು ಪರಿಗಣನೆಗೆ ತೆಗೆದುಕೊಂಡಿರಬೇಕು. ರೌಡಿ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಲದು. ಕೋಕಾ, ಅಂದರೆ ಕರ್ನಾಟಕ ಸಂಘಟಿತ ಅಪರಾಧಗಳ ನಿಯಂತ್ರಣ ಕಾಯ್ದೆಯಡಿ ಎಸ್‌ಪಿ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಅಧಿಕಾರಿ ದಾಖಲಿಸಿದ ತಪ್ಪೊಪ್ಪಿಗೆಯೂ ಸಾಕ್ಷ್ಯವಾಗಬಹುದು. ಇದು ತಿಳಿಯದ ವಕೀಲರ ಕೈಗೆ ಬಡವನ ಕಡತ ಸಿಕ್ಕರೆ ಏನಾಗುತ್ತದೆ ಎಂದು ನೆನೆದರೆ ಎದೆ ನಡುಗುತ್ತದೆ.

ದೂರವಾಣಿ ಇಲಾಖೆಯಿಂದ ನಿವೃತ್ತರಾದ ಕುಮಟಾದ ಎಂಜಿನಿಯರ್ ಒಬ್ಬರು ಮೊಬೈಲ್ ಗೋಪುರದ ದಾಖಲೆ ಓದುವುದನ್ನು ಕಲಿಸಿದರು. ದೇವಿಮನೆ ಘಟ್ಟದಂಥ ಕಡೆ ಒಂದೇ ಗೋಪುರ ಎಷ್ಟೋ ದೂರ ವ್ಯಾಪಿಸುತ್ತದೆ. ಫೋನು ಆ ವ್ಯಾಪ್ತಿಯಲ್ಲಿತ್ತು ಎಂದರೆ ಮನುಷ್ಯ ಜಗಳದ ಜಾಗದಲ್ಲಿದ್ದ ಎಂದಲ್ಲ. ಕಾರವಾರದ ಕಾರಾಗೃಹಕ್ಕೆ ನನ್ನೊಡನೆ ಬಂದು ಕೊಂಕಣಿಯಲ್ಲಿ ಕಕ್ಷಿದಾರನ ಮಾತು ಕೇಳಿಸಿಕೊಂಡ ಗೆಳತಿಗೆ ಎಷ್ಟು ವಂದಿಸಿದರೂ ಕಡಿಮೆ. ಕನ್ನಡದಲ್ಲಿ ಹೌದು, ಅಲ್ಲ ಎಂದಷ್ಟೇ ಹೇಳುತ್ತಿದ್ದವನು ಅವಳೆದುರು ಆ ರಾತ್ರಿಯನ್ನೆಲ್ಲ ಹೇಳಿದ. ಕೇಳಿದ ದಾಖಲೆಗಳ ಪ್ರತಿಯನ್ನು ತಡಮಾಡದೆ ಕೊಟ್ಟ ಸರ್ಕಾರಿ ಅಭಿಯೋಜಕರಿಗೂ ಗೌರವದ ವಂದನೆ.

‘ರೌಡಿಗಳ ಪರ ನಿಲ್ಲುವವಳು’ ಎಂಬ ಮಾತು ನಮ್ಮ ಮನೆಯವರೆಗೂ ಬಂತು. ಆಯಿ ಅದನ್ನು ಕೇಳಿಸಿಕೊಂಡು, ನನಗೆ ಹೇಳದೆ, ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿಕೊಟ್ಟಳು.

ಹಲ್ಲೆಗೊಳಗಾದವರು ಇನ್ನೂ ಕುಂಟುತ್ತಲೇ ನಡೆಯುತ್ತಾರೆ. ಅವರನ್ನು ಹೊಡೆದವರಿಗೆ ಶಿಕ್ಷೆಯಾಗಿದೆ, ಆಗಲೇಬೇಕಿತ್ತು. ನನ್ನ ಕಕ್ಷಿದಾರ ಅವರಲ್ಲೊಬ್ಬನಲ್ಲ ಎಂಬುದನ್ನೇ ನಾವು ನ್ಯಾಯಾಲಯಕ್ಕೆ ಹೇಳಿದ್ದು.

ತರಬೇತಿಯ ಟಿಪ್ಪಣಿಗಳನ್ನು ಬೆರಳಚ್ಚು ಮಾಡಿಸಿದ್ದೇನೆ. ಅಂಕೋಲಾ, ಹೊನ್ನಾವರ, ಭಟ್ಕಳದ ಕಿರಿಯ ವಕೀಲರು ಕೇಳಿದರೆ ಪ್ರತಿ ಕಳುಹಿಸುತ್ತೇನೆ. ಧಾರವಾಡದ ಸರ್ ಮಳೆಗಾಲ ಮುಗಿದ ಮೇಲೆ ಕಾರವಾರಕ್ಕೂ ಬರಲು ಒಪ್ಪಿದ್ದಾರೆ.