ಫೋಟೋ ಕೆಳಗೆ ತೆಗೆದವ್ರ ಹೆಸರೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಯುದ್ಧಕಾಲದ ಹಳೇ ಫೋಟೋ ಹಾಕುವಾಗ ಕೆಳಗೆ ಬರೀ ‘ಸಂಗ್ರಹ ಚಿತ್ರ’ ಅಂತ ಹಾಕಿ ಕೈ ತೊಳ್ಕೊಳ್ತೀರಲ್ಲ, ಅದ್ರ ಬಗ್ಗೆ ನನ್ನದೊಂದು ತಕರಾರು. ಅಂಥ ಫೋಟೋಗಳಲ್ಲಿ ಎಷ್ಟೋ ಯಹೂದಿ ಫೋಟೋಗ್ರಾಫರ್‌ಗಳು ತೆಗೆದಂಥವು, ಅವರಲ್ಲಿ ಸುಮಾರು ಜನಕ್ಕೆ ಹುಟ್ಟೂರೂ ಉಳೀಲಿಲ್ಲ, ಅಪ್ಪ ಅಮ್ಮ ಇಟ್ಟ ಹೆಸರೂ ಉಳೀಲಿಲ್ಲ, ಇನ್ನು ಸಂಪಾದಿಸಿದ ಹೆಸರನ್ನೂ ನಾವು ನುಂಗಿಬಿಟ್ರೆ ಹೇಗೆ ಸ್ವಾಮಿ?

ರಾಬರ್ಟ್ ಕಾಪಾನೇ ತಗೊಳ್ಳಿ. ಬುಡಾಪೆಸ್ಟ್‌ನಲ್ಲಿ ಹುಟ್ಟಿದ ಎಂಡ್ರೆ ಫ್ರೀಡ್‌ಮನ್ ಆತ. ಪ್ಯಾರಿಸ್‌ನಲ್ಲಿ ಕೆಲಸ ಸಿಗದೆ ಒದ್ದಾಡ್ತಿದ್ದಾಗ 1936ರಲ್ಲಿ ಆತನೂ ಗೆಳತಿ ಗೆರ್ಡಾ ಟಾರೋನೂ ಸೇರಿ ಇಲ್ಲದೇ ಇರೋ ಒಬ್ಬ ಅಮೆರಿಕನ್ ಫೋಟೋಗ್ರಾಫರ್‌ನ ಹುಟ್ಟುಹಾಕಿದ್ರು, ಅವನೇ ರಾಬರ್ಟ್ ಕಾಪಾ! ಗೆರ್ಡಾನೂ ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬಂದ ಯಹೂದಿ ಹುಡುಗಿ. ಸ್ಪೇನ್ ಯುದ್ಧದಲ್ಲಿ ಆಕೆ ತೆಗೆದ ಎಷ್ಟೋ ಫೋಟೋ ಕಾಪಾ ಹೆಸರಲ್ಲೇ ಹೋದ್ವು, 1937ರ ಜುಲೈನಲ್ಲಿ ಬ್ರುನೆಟೆ ಹತ್ರ ಟ್ಯಾಂಕಿಗೆ ಸಿಕ್ಕಿ ಸತ್ತಾಗ 27 ಕೂಡ ತುಂಬಿರ್ಲಿಲ್ಲ, ಆಮೇಲೆ ದಶಕಗಟ್ಲೆ ಆಕೆ ಬರೀ ಕಾಪಾನ ಗರ್ಲ್‌ಫ್ರೆಂಡ್. ಕಾಪಾ, ಟಾರೋ ಮತ್ತೆ ಪೋಲೆಂಡಿನ ಯಹೂದಿ ಡೇವಿಡ್ ಸೀಮೋರ್, ಈ ಮೂವರ ಸುಮಾರು 4,500 ನೆಗೆಟಿವ್ 2007ರಲ್ಲಿ ಮೆಕ್ಸಿಕೋದಿಂದ ನ್ಯೂಯಾರ್ಕ್‌ಗೆ ಬಂದ್ಮೇಲೆನೇ ಯಾವುದು ಯಾರದು ಅನ್ನೋದು ಎಷ್ಟೋ ತಿಳಿಯಾಗಿದ್ದು.

ಎಲ್ಲರೂ ಓಡಿಬಂದವ್ರೇ ಅಂತಲ್ಲ. ಫೋಟೋಗ್ರಫಿನೂ ಕಲೆನೇ ಅಂತ ಪತ್ರಿಕೆ, ಗ್ಯಾಲರಿ ಎಲ್ಲ ನಡೆಸಿ ಹಟ ಹಿಡಿದ ಆಲ್ಫ್ರೆಡ್ ಸ್ಟೀಗ್ಲಿಟ್ಜ್ ಅಮೆರಿಕದಲ್ಲೇ ಹುಟ್ಟಿದವನು. ಇಷ್ಟೊಂದು ಯಹೂದಿಗಳು ಇದೇ ಕಸುಬಿಗೆ ಯಾಕೆ ಬಂದ್ರು ಅಂದ್ರೆ, ನನಗನ್ಸೋದು, ಆಗ ಅದು ಹೊಸ ಕಸುಬು, ಒಳಗೆ ಬಿಡಲ್ಲ ಅನ್ನೋಕೆ ಹಳೇ ಯಜಮಾನ್ರು ಇರ್ಲಿಲ್ಲ, ರಾತ್ರೋರಾತ್ರಿ ಊರು ಬಿಡ್ಬೇಕಾದ್ರೂ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೊರಡ್ಬಹುದು, ಹೊಸ ದೇಶದ ಭಾಷೆ ಬರದಿದ್ರೂ ಹೊಟ್ಟೆಪಾಡು ನಡೆಯುತ್ತೆ.

ಆದ್ರೆ ನನ್ನನ್ನ ಹಿಡಿದು ನಿಲ್ಲಿಸೋದು ಹೆನ್ರಿಕ್ ರಾಸ್. ಪೋಲೆಂಡಿನ ಲೋಡ್ಜ್‌ನಲ್ಲಿ ನಾಜಿಗಳು ಯಹೂದಿಗಳನ್ನ ಕೂಡಿಹಾಕಿದ್ದ ಕೇರಿ, ಅಂದ್ರೆ ಘೆಟ್ಟೋದಲ್ಲಿ, ಗುರುತಿನ ಚೀಟಿಗೆ ಫೋಟೋ ತೆಗೆಯೋದು ಈತನ ಅಧಿಕೃತ ಕೆಲಸ. ಒಬ್ಬೊಬ್ಬರದ್ದೇ ತೆಗೆದ್ರೆ ಫಿಲ್ಮ್ ಉಳಿಯಲ್ವಲ್ಲ, ಅದಕ್ಕೆ ಹಲವಾರು ಜನರನ್ನ ಒಟ್ಟಿಗೆ ನಿಲ್ಲಿಸಿ ಒಂದೇ ನೆಗೆಟಿವ್‌ನಲ್ಲಿ ತೆಗೆದು ಆಮೇಲೆ ಮುಖ ಮುಖ ಕತ್ತರಿಸಿ ಕೊಡ್ತಿದ್ದ. ಹಂಗೆ ಉಳಿಸಿದ ಫಿಲ್ಮ್‌ನಲ್ಲಿ, ಕೋಟಿನ ಒಳಗೆ ಕ್ಯಾಮೆರಾ ಬಚ್ಚಿಟ್ಕೊಂಡು, ಹಸಿವು, ಹೆಣ, ಸಾವಿನ ಕ್ಯಾಂಪಿಗೆ ಜನರನ್ನ ಸಾಗಿಸ್ತಿದ್ದಿದ್ದು ಎಲ್ಲಾನೂ ಹಿಡಿದ. ಸಿಕ್ಕಿಬಿದ್ದಿದ್ರೆ ಅಲ್ಲೇ ಮುಗೀತಿತ್ತು. 1944ರಲ್ಲಿ ಸುಮಾರು 6,000 ನೆಗೆಟಿವ್ ಮಣ್ಣಲ್ಲಿ ಹೂತಿಟ್ಟು, ಮುಂದಿನ ವರ್ಷ ಅಗೆದು ತೆಗೆದಾಗ ನೀರು ಹೊಕ್ಕಿ ಹೆಚ್ಚುಕಮ್ಮಿ ಅರ್ಧ ಹಾಳಾಗಿದ್ವು. ಉಳಿದಿದ್ದು ಬರೀ ನೆನಪಿನ ಫೋಟೋ ಅಲ್ಲ, 1961ರಲ್ಲಿ, ಯಹೂದಿಗಳನ್ನ ಸಾವಿನ ಕ್ಯಾಂಪಿಗೆ ಸಾಗಿಸೋ ಏರ್ಪಾಡು ನೋಡ್ಕೊಳ್ತಿದ್ದ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆಯಲ್ಲಿ ಈತನೇ ಸಾಕ್ಷಿ ಹೇಳಿದ, ಫೋಟೋಗಳೂ ಸಾಕ್ಷಿಯಾದ್ವು.

ಇಂಥ ಫೋಟೋಗೂ ನಾವು ‘ಸಂಗ್ರಹ ಚಿತ್ರ’ ಅಂತೀವಿ, ಯಾರ ಸಂಗ್ರಹ? ಇನ್ಮುಂದಾದ್ರೂ ತೆಗೆದವ್ರ ಹೆಸರು, ಊರು, ಇಸವಿ ಹಾಕಿ, ಜಾಗ ಇಲ್ದಿದ್ರೆ ಅಕ್ಷರ ಸಣ್ಣದಾದ್ರೂ ಪರವಾಗಿಲ್ಲ, ಕನ್ನಡಕ ಹಾಕ್ಕೊಂಡು ಓದ್ತೀವಿ.

ಇಂತಿ,
ನಿಮ್ಮ ಓದುಗ